ಮಂಚದ ಕೆಳಗಿನ ಕುಂಬಳ

ತರಕಾರಿಗಳಲ್ಲೆಲ್ಲ ಮಹಾಮೌನಿ ಎಂದರೆ ಕುಂಬಳಕಾಯಿ. ಮೂಲೆಗೆ ಉರುಳಿಸಿದರೆ ತಿಂಗಳುಗಟ್ಟಲೆ ತುಟಿಪಿಟಕ್ಕೆನ್ನದೆ ಕೂತಿರುತ್ತದೆ. ಅಂಥದ್ದರ ಬಾಯಿ ಬಿಡಿಸಿದ ಅಪಕೀರ್ತಿ ನನ್ನದು. ಅದು ಬಾಯಿ ಬಿಟ್ಟಿದ್ದಾದರೂ ಯಾರ ಮುಂದೆ? ಮದ್ಯನಿಷೇಧ ವಿಭಾಗದ ಏಟಯ್ಯನವರ, ಅಂದರೆ ಹೆಡ್ ಕಾನ್‌ಸ್ಟೇಬಲ್ಲರ ಮುಂದೆ!

ನಾನು ಕುಡುಕನಲ್ಲ. ಧರ್ಮಪುರಿ ಕಡೆಯ ಮೊರಪ್ಪೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು, ಮದುವೆ ಸೀಸನ್ ಮುಗಿದ ಮೇಲೆ ನೊಣ ಹೊಡೆಯುತ್ತಾ ಮೊಬೈಲಿನಲ್ಲಿ ವಿಡಿಯೋ ನೋಡುವವನು. ಯಾವುದೋ ಚಳಿದೇಶದ ಗಡ್ಡದವನೊಬ್ಬ ಕುಂಬಳಕಾಯಿ ಬೇಯಿಸಿ ಬಿಯರ್ ಮಾಡುವುದನ್ನು ಅಲ್ಲೇ ಕಂಡೆ. ಅದೇ ವಾರ ಪೆನ್ನಾಗರಂ ಕಡೆ ಇರುವ ಅಕ್ಕನ ಹೊಲದಿಂದ ಆಡಿನ ಮರಿಯಷ್ಟು ತೂಕದ ಸಿಹಿಗುಂಬಳ ಬಂದಿಳಿಯಿತು. ವಿನಾಶಕಾಲಕ್ಕೆ ವಿಪರೀತ ಬುದ್ಧಿ ಬರಲು ಇನ್ನೇನು ಬೇಕು?

ನಮ್ಮಲ್ಲಿ ಕುಂಬಳಕ್ಕೆ ಎರಡು ಕಟ್ಟಳೆ. ಇಡೀ ಕಾಯಿಗೆ ಮೊದಲ ಏಟು ಗಂಡಸೇ ಹಾಕಬೇಕು, ಹೆಂಗಸರು ಹಾಕಬಾರದು. ಒಡೆದ ಮೇಲೆ ಒಬ್ಬರೇ ತಿನ್ನಬಾರದು, ಅಕ್ಕಪಕ್ಕದ ಮನೆಗಳಿಗೆ ಹಂಚಬೇಕು. ನಾನು ಏಟು ಹಾಕಿದೆ. ಅವ್ವ ಅರ್ಧವನ್ನು ಹೋಳು ಮಾಡಿ ಬೀದಿಗೆ ಹಂಚಿದಳು. ಉಳಿದರ್ಧವನ್ನು ಸ್ಟುಡಿಯೋ ಪಕ್ಕದ ಅಂಗಡಿಯವರಿಗೆ ಕೊಡುತ್ತೇನೆಂದು ನಾನು ಒಯ್ದೆ.

"ಕೊಟ್ಟಾ ಲೇ?" ಎಂದು ಸಂಜೆ ಕೇಳಿದಳು.

"ಕೊಟ್ಟೆ" ಎಂದೆ.

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಅದು ಬೆಂದಿತು. ಬಾರ್ಲಿಯ ಬದಲು ಮೊಳಕೆ ಕಟ್ಟಿದ ರಾಗಿ, ಕಹಿಗೆ ಬೇವಿನ ಹೂವು, ಹುದುಗಿಗೆ ಬೇಕರಿಯವನ ಈಸ್ಟ್. ತಪ್ಪೆಂದು ನನಗೆ ಅನ್ನಿಸಲೇ ಇಲ್ಲ. ರಾತ್ರಿ ಹುಳಿಸಿಟ್ಟ ರಾಗಿ ಗಂಜಿಯನ್ನು, ನಮ್ಮ ಕಡೆಯ ಕೂಳನ್ನು, ಬೆಳಿಗ್ಗೆ ಕುಡಿದು ಬೆಳೆದವರಲ್ಲವೇ ನಾವು? ಕೂಳಿಗೂ ಬಿಯರಿಗೂ ತುಸು ತಾಳ್ಮೆಯಷ್ಟೇ ವ್ಯತ್ಯಾಸ ಎಂದು ತತ್ವ ಹೇಳಿಕೊಂಡೆ. ಕುಂಬಳವಾದರೂ ನಮ್ಮದೇ? ತಮಿಳರು ಅದನ್ನು ಇಂದಿಗೂ ಪರಂಗಿಕಾಯಿ, ಅಂದರೆ ಪರಂಗಿಯವರ ಕಾಯಿ ಎನ್ನುತ್ತಾರೆ. ಹಡಗಿನಲ್ಲಿ ಬಂದದ್ದು ಹಬ್ಬದ ಅಡುಗೆಯಾಗಬಹುದಾದರೆ ಬಿಯರ್ ಯಾಕಾಗಬಾರದು? ಸರ್ಕಾರ ತಾನೇ ಅಂಗಡಿ ಇಟ್ಟು ಮಾರಬಹುದು, ನಾವು ಮನೆಯಲ್ಲಿ ಮಾಡಿದರೆ ಜೈಲು ಎಂಬುದು ಮಾತ್ರ ಈ ತತ್ವದೊಳಗೆ ಕೂರಲಿಲ್ಲ.

ಆದರೆ ಜೈಲಿಗಿಂತ ದೊಡ್ಡ ಭಯ ಅವ್ವ. ಊರ ಹೆಂಗಸರನ್ನು ಕಟ್ಟಿಕೊಂಡು ಕಂಬೈನಲ್ಲೂರು ರಸ್ತೆಯಲ್ಲಿ ಉರಿಬಿಸಿಲಿಗೆ ಕೂತು, ಬಸ್ಸು ತಡೆದು, ಶಾಲೆ ಹತ್ತಿರದ ಸಾರಾಯಿ ಅಂಗಡಿ ಮುಚ್ಚಿಸಿದವಳು ಅವಳು. ಇಂದಿಗೂ ಯಾರ ಮನೆಯಲ್ಲಿ ಗಂಡ ಕುಡಿದು ಬಂದರೂ ಹೆಂಡತಿ ಓಡಿ ಬರುವುದು ನಮ್ಮ ಜಗಲಿಗೆ. ಅಂಥವಳ ಮನೆಯಲ್ಲೇ ಬಾಟಲಿ ಸಿಕ್ಕಿದರೆ ಅವಳು ಯಾರ ಮುಖ ನೋಡಬೇಕು? ಇಷ್ಟೆಲ್ಲ ಗೊತ್ತಿದ್ದೂ, ಸ್ಟುಡಿಯೋದ ತಗಡಿನ ಮಾಡು ಕಾದು ಕಾವಲಿಯಾಗುತ್ತದೆಂದು ಬಾಟಲಿಗಳನ್ನು ಮನೆಗೇ ತಂದು, ನಡುಮನೆಯ ಮಂಚದ ಕೆಳಗೆ ಒದ್ದೆ ಗೋಣಿಚೀಲ ಹೊದಿಸಿ ಮಲಗಿಸಿದೆ. ಧರ್ಮಪುರಿಯ ಬಿಸಿಲನ್ನು ಆ ಗಡ್ಡದವನು ಕಂಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಎದುರುಮನೆಯ ಏಟಯ್ಯ ಬಂದರು. ಅವ್ವ ಕಳಿಸಿದ್ದ ಕುಂಬಳದ ಪಾತ್ರೆ ಹಿಂದಿರುಗಿಸಲು, ಬರಿದಾಗಿ ಕೊಡಬಾರದೆಂದು ಅದರ ತುಂಬ ಕಡಲೆಕಾಯಿ ಹಾಕಿಕೊಂಡು. ಬಂದವರು ಸೀದಾ ಮಂಚದ ಮೇಲೆ ಕೂತರು. ಅವ್ವ ಮಜ್ಜಿಗೆ ತರಲು ಒಳಗೆ ಹೋದಳು.

ಕೆಳಗಿನಿಂದ 'ಟಪ್' ಎಂದಿತು.

"ಎನ್ನ ತಂಬಿ, ಏನದು ಸದ್ದು?"

"ಇಲಿ ಅಣ್ಣ."

ಇನ್ನೊಂದು ಟಪ್. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನಿಜವಾಗಿಯೂ ಹೆಗಲಿಗೆ ಹೋಗಿತ್ತು. "ಒಳ್ಳೆ ದಪ್ಪ ಇಲಿ ಐತೆ" ಎಂದು ಅವರು ನಕ್ಕರು. ನಾನೂ ನಕ್ಕೆ. ಮಜ್ಜಿಗೆ ಬಂತು. ಅವರೋ ಅದನ್ನು ಕಾಫಿಯ ಹಾಗೆ ಗುಟುಕು ಗುಟುಕಾಗಿ ಕುಡಿಯತೊಡಗಿದರು. ಬೇಗ ಮುಗಿಸಿ ಏಳಲಪ್ಪಾ ಎಂದು ಕುಲದೇವರಿಗೆ ಹರಕೆ ಹೊರುವಷ್ಟರಲ್ಲಿ ಮಂಚವೇ ನಡುಗುವಂತೆ ಢಮ್ಮೆಂದಿತು. ಗೋಣಿಯಡಿಯಿಂದ ಹಳದಿ ನೊರೆ ಹರಿದು ಬಂದು ಏಟಯ್ಯನವರ ಪಾದ ಮುಟ್ಟಿತು. ಹಿಂದೆಯೇ ವಾಸನೆ.

ಅವರು ಕಾಲೆತ್ತಿದರು. ಮೂಗು ಒಮ್ಮೆ ಅರಳಿತು. ಆ ಮೂಗಿನ ಉದ್ಯೋಗವೇ ಅದು. ಅವರು ನನ್ನನ್ನು ನೋಡಲಿಲ್ಲ, ಅವ್ವನನ್ನು ನೋಡಿದರು. ಅವ್ವ ನೊರೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾರ್ಗೂ ಅಂಚ್ದೆ ಮಡಗಿದ್ದ ಕುಂಬಳದ ಪಾಲು ತಂಬಿ" ಎಂದಳು. "ಕೊಳ್ತೋಗೈತೆ."

ಏಟಯ್ಯ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. "ನೀವು ಅಂದ್ಮೇಲೆ ಸರಿ ಅಕ್ಕ" ಎಂದು ಎದ್ದು ಹೊರಟರು.

ಆ ಮಾತು ನನಗೆ ಬೇಡಿಗಿಂತ ಭಾರವಾಯಿತು. ಉರಿಬಿಸಿಲಲ್ಲಿ ಕೂತು ಅವ್ವ ಗಳಿಸಿದ ಮರ್ಯಾದೆಯನ್ನು ಒಂದೇ ಗಳಿಗೆಯಲ್ಲಿ ನನಗಾಗಿ ಸುರಿದಿದ್ದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಕೈಗೊಂದು ಹಳೆ ಬಟ್ಟೆ ಎಸೆದು ಒಳಗೆ ಹೋದಳು. ಉಳಿದ ಬಾಟಲಿಗಳನ್ನು ತಿಪ್ಪೆಗೆ ಸುರಿಯುವಾಗ, ಹಾಳಾದ ಕುತೂಹಲ, ಬೆರಳದ್ದಿ ನೆಕ್ಕಿ ನೋಡಿದೆ. ಹಳಸಿದ ಸಾಂಬಾರಿನ ಹಾಗಿತ್ತು.

ಆ ವಾರ ಹೆಂಗಸರ ಸಂಘದ ಸಭೆಯಲ್ಲಿ ಅವ್ವ ಮಾತಾಡಲಿಲ್ಲವಂತೆ. ಗಂಟಲು ಸರಿಯಿಲ್ಲ ಎಂದು ಹಿಂದೆ ಕೂತಳಂತೆ.

ಮೊನ್ನೆ ಅಕ್ಕ ಮತ್ತೊಂದು ಕುಂಬಳ ಕಳಿಸಿದಳು. ನಾನು ಅಂಗಿಯ ತೋಳು ಮಡಿಸಿಕೊಂಡು ಬರುವಷ್ಟರಲ್ಲಿ ಅವ್ವನೇ ಮಚ್ಚು ಎತ್ತಿದ್ದಳು.

"ಎಂಗಸ್ರು ಒಡೀಬಾರ್ದು ಅಂತಿದ್ದೆ?" ಎಂದೆ.

"ಗಂಡಸ್ರು ಒಡೆದಿದ್ದು ನೋಡಾಯ್ತಲ್ಲ" ಎಂದು ಒಂದೇ ಏಟಿಗೆ ಸೀಳಿದಳು.

ಎಲ್ಲಕ್ಕಿಂತ ದೊಡ್ಡ ಹೋಳು ಏಟಯ್ಯನವರ ಮನೆಗೆ. ಯಾರ ಕೈಯಲ್ಲೂ ಕಳಿಸದೆ ತಾನೇ ಹೆಗಲ ಮೇಲಿಟ್ಟುಕೊಂಡು ಬೀದಿ ದಾಟಿದಳು. ಬಾಗಿಲಲ್ಲಿ ನಿಂತಿದ್ದ ನಾನು ಅಭ್ಯಾಸಬಲದಿಂದ ನನ್ನ ಹೆಗಲು ಮುಟ್ಟಿ ನೋಡಿಕೊಂಡೆ. ಅಲ್ಲಿ ಏನೂ ಇರಲಿಲ್ಲ. ಹೊತ್ತಿದ್ದವಳು ಅವ್ವ.