ಎಬ್ರೊ ದಡದ ಗಂಟೆ

ಹೊರಟವರನ್ನು 'ಎಲ್ಲಿಗೆ' ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದನ್ನು ನಾನೆಂದೂ ನಂಬಿದವನಲ್ಲ. ಆದರೆ ಕೆಲವು ವರ್ಷಗಳ ಹಿಂದೆ, ಗಲ್ಫಿನಲ್ಲಿ ನಾವಿರುವ ಅಲ್ ನಹ್ದಾದ ಕಟ್ಟಡದ ಲಿಫ್ಟಿನಲ್ಲಿ ಹಮೀದ್ ಹಾಗೆ ಕೇಳಿದ್ದನ್ನು ಮರೆತಿಲ್ಲ; ಮರೆಯುವ ಉದ್ದೇಶವೂ ಇಲ್ಲ.

ಹಮೀದ್ ನನ್ನ ನೆರೆಯವನು, ಉಳ್ಳಾಲದ ಬ್ಯಾರಿ. ಸ್ಪೇನಿನ ಎಬ್ರೊ ನದಿಯಲ್ಲಿ ಆಳೆತ್ತರದ ಮೀಸೆಮೀನು ಹಿಡಿದೇ ಬರುತ್ತೇನೆಂದು ನಾನು ಕಟ್ಟಡದವರಿಗೆಲ್ಲ ಹೇಳಿಕೊಂಡಿದ್ದೆ. ಹೊರಡುವ ದಿನ, ನಾಲ್ಕು ಜನರ ಎದುರು, ಅವನು ನನ್ನ ಗಾಳದ ಕೋಲುಗಳನ್ನು ನೋಡಿ, "ಎಲ್ಲಿಗೆ ಮಾರಾಯ? ಮೀನು ಕೆಳಗೆ ಸೂಪರ್ ಮಾರ್ಕೆಟಿನಲ್ಲೇ ಉಂಟಲ್ಲ" ಎಂದ. ಎಲ್ಲರೂ ನಕ್ಕರು. ಯಾರು ಯಾರು ನಕ್ಕರೆಂಬುದೂ ನನಗೆ ನೆನಪಿದೆ.

ಎಬ್ರೊದಲ್ಲಿ ಕೋಲಿನ ತುದಿಗೆ ಪುಟ್ಟ ಗಂಟೆ ಕಟ್ಟುತ್ತಾರೆ; ಮೀನು ಎಳೆದರೆ ಅದು ಸದ್ದು ಮಾಡುತ್ತದೆ. ನನ್ನ ಗಂಟೆ ಕೊನೆಯ ದಿನದ ಸಂಜೆಯವರೆಗೂ ಸದ್ದು ಮಾಡಲಿಲ್ಲ. ಬರಿಗೈಯಲ್ಲಿ ಆ ಲಿಫ್ಟ್ ಹತ್ತುವುದನ್ನು ನೆನೆದು ಮೈ ಉರಿಯಿತು. ಹಮೀದ್‌ಗೆ ಫೋನ್ ಮಾಡಿದೆ.

"ನೀನು ಎಲ್ಲಿಗೆ ಅಂತ ಕೇಳಿದ್ದರಿಂದಲೇ ಮೀನು ಸಿಗಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೂ ಕೇಳಿದ್ದು ತಪ್ಪು."

"ಆಯ್ತು ಮಾರಾಯ, ವಾಪಸ್ ತಗೊಂಡೆ, ಖಲಾಸ್" ಎಂದು ನಕ್ಕವನು ಮರುಕ್ಷಣವೇ ಕೇಳಿದ: "ಅದೆಂತ ಗಂಟೆ? ಅಲ್ಲಿ ಐಸ್‌ಕ್ರೀಮಿನವ ಬಂದನಾ?"

ಯಾವ ಗಂಟೆಯೂ ಸದ್ದು ಮಾಡಿರಲಿಲ್ಲ. ನನ್ನ ಗಂಟೆ ಕಣ್ಣೆದುರೇ ನಿಶ್ಚಲವಾಗಿತ್ತು. ಪಕ್ಕದಲ್ಲಿದ್ದ ಸ್ಪೇನಿನ ಮಾರ್ಗದರ್ಶಿಯನ್ನು ಕೇಳಿದೆ. ಅವನಿಗೂ ಏನೂ ಕೇಳಿಸಿರಲಿಲ್ಲ. ಹಾಗೆಂದು ಹಮೀದ್‌ಗೆ ಹೇಳಿ ಮುಗಿಸುವಷ್ಟರಲ್ಲಿ ಕೋಲು ನೀರಿನತ್ತ ಬಾಗಿತು, ಗಂಟೆ ಹುಚ್ಚೆದ್ದು ಹೊಡೆದುಕೊಂಡಿತು.

ಫೋನನ್ನು ಹುಲ್ಲಿನ ಮೇಲೆ ಎಸೆದು ಕೋಲು ಹಿಡಿದೆ. ತೋಳು ಸೋತು ಬೀಳುವ ಹೊತ್ತಿಗೆ ದಡಕ್ಕೆ ಬಂದ ಮೀಸೆಮೀನು ನನಗಿಂತ ಉದ್ದವಿತ್ತು. ಚಿತ್ರ ತೆಗೆಸಿಕೊಂಡು, ಅಲ್ಲಿನ ರೂಢಿಯಂತೆ ಅದನ್ನು ನದಿಗೇ ಬಿಟ್ಟೆವು. ಬಿಟ್ಟೆವೆಂದು ಕೂಗಿ ಹೇಳಿದಾಗ, ಹುಲ್ಲಿನ ಮೇಲಿದ್ದ ಫೋನಿನಿಂದ ಹಮೀದ್‌ನ ಸ್ವರ ಬಂತು: "ಬಿಟ್ಟದ್ದಾ? ಪುಳಿಮುಂಚಿ ಸಾರು ಮಾಡುವುದು ಬಿಟ್ಟು?"

ಮೊದಲು ಕೇಳಿಸಿಕೊಂಡವನು ತಾನಾದ್ದರಿಂದ ಮೀನು ತನ್ನದೇ ಎಂದು ಅವನು ಈಗಲೂ ವಾದಿಸುತ್ತಾನೆ. ಇದನ್ನು ನಾನು ಒಪ್ಪುವುದಿಲ್ಲ. ಮರಳಿದ ಮೇಲೆ, ಅವನು ಕೆಲಸದ ಮೇಲೆ ದೂರದ ಮುಸಫ್ಫಾಕ್ಕೆ ಹೋಗಿದ್ದಾಗ, ಅವನಿಗೆ ಕರೆ ಮಾಡಿ ಅದೇ ಗಂಟೆಯನ್ನು ಅದೇ ಫೋನಿನ ಎದುರು ಬಾರಿಸಿ ನೋಡಿದೆ. "ಎಂತದೂ ಕೇಳುವುದಿಲ್ಲ" ಎಂದ. ಹಾಗಾದರೆ ಅಂದು ಅವನ ಕಿವಿಗೆ ಬಿದ್ದದ್ದು ಯಾವ ಗಂಟೆ? ಓದುಗರೇ, ನನಗೆ ತಿಳಿಯದು.

ಮುಂದಿನ ತಿಂಗಳು ಮತ್ತೆ ಎಬ್ರೊಗೆ ಹೊರಟಿದ್ದೇನೆ. ಸಂಜೆ ಹೊತ್ತು ಫೋನ್ ಕಿವಿಗಿಟ್ಟುಕೊಂಡೇ ಇರಬೇಕೆಂದು ಹಮೀದ್‌ಗೆ ಹೇಳಿದ್ದೇನೆ. ಲಿಫ್ಟಿನಲ್ಲಿ ಮಾತ್ರ ಬಾಯಿ ಬಿಡಕೂಡದು.