ಹದಿನಾಲ್ಕನೆಯ ಗಡಿಕಲ್ಲು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದ ಒಂದು ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಸರ್ವೆಯವರು ಪೆನ್ಸಿಲಿನಲ್ಲಿ ಬರೆದುಕೊಟ್ಟ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಗೆರೆಗಳನ್ನು ಶಾಯಿಯಲ್ಲಿ ಎಳೆಯುವುದು ನನ್ನ ಕೆಲಸ. ಕಾರ್ಖಾನೆಗಳಿಗೆಂದು ಹೊಸ ಸೈಟುಗಳನ್ನು ವಿಂಗಡಿಸುತ್ತಿದ್ದ ಕಾಲ ಅದು.

ಒಂದು ಬೆಳಿಗ್ಗೆ ಖಾಕಿ ತೊಟ್ಟ, ಐವತ್ತು ದಾಟಿದ ಫಾರೆಸ್ಟ್ ಗಾರ್ಡ್ ಒಬ್ಬರು ಮಾದನಾಯಕನಹಳ್ಳಿ ಕಡೆಯಿಂದ ಸೈಕಲ್ ತುಳಿದುಕೊಂಡು ಬಂದರು. ಅವರು ಕಾಯುತ್ತಿದ್ದ ಮೀಸಲು ಅರಣ್ಯದ ಅಂಚಿಗೇ ನಮ್ಮ ಹೊಸ ನಕ್ಷೆ ತಗುಲಿಕೊಂಡಿತ್ತು. ನನ್ನ ಮೇಜಿನ ಮುಂದೆ ನಿಂತು ಬಗ್ಗಿ ನೋಡಿದರು.

“ಗೆರೆ ಚೆನ್ನಾಗ್ ಎಳ್ದಿದೀರಮ್ಮ. ಆದ್ರೆ ಕಾಡು ಇಂಗೆ ನೆಟ್ಟಗೆ ಓಗಲ್ಲ. ಇಲ್ಲೊಂದು ತಿರುವೈತೆ.”

ಆ ಕಾಡನ್ನು ಮೀಸಲು ಎಂದು ಘೋಷಿಸಿದ್ದ ಹಳೆಯ ಸರ್ಕಾರಿ ಆದೇಶದ ಪ್ರತಿ ಅವರ ಚೀಲದಲ್ಲಿತ್ತು. ಅದರಲ್ಲಿ ಗಡಿಕಲ್ಲುಗಳ ಪಟ್ಟಿ. ಹದಿಮೂರನೆಯದೂ ಹದಿನೈದನೆಯದೂ ಸರ್ವೆಯವರಿಗೆ ಸಿಕ್ಕಿದ್ದವು. ನಡುವಿನದು ಸಿಗದೆ ಎರಡನ್ನೂ ನೇರವಾಗಿ ಜೋಡಿಸಿಬಿಟ್ಟಿದ್ದರು. ಹಾಗಾಗಿ ನೀರು ನಿಲ್ಲುವ ಒಂದು ಕುಂಟೆಯೂ ಅದರ ಸುತ್ತಲ ಮರಗಳೂ ಕಾಡಿನಿಂದ ಹೊರಬಿದ್ದಿದ್ದವು.

“ಕಲ್ಲು ತೋರ್ಸಿ, ಗೆರೆ ಬದಲಾಯಿಸ್ತೀವಿ. ಸೋಮವಾರದವರೆಗೆ ಟೈಮು,” ಎಂದರು ನಮ್ಮ ಸಾಹೇಬರು. ಅವರು ಕೆಟ್ಟವರಲ್ಲ. ಅವರಿಗೆ ನೆಲದ ಮೇಲಿನ ಸಾಕ್ಷಿ ಬೇಕಿತ್ತು.

ಭಾನುವಾರ ಬಸ್ಸು ಹತ್ತಿ ನಾನೂ ಹೋದೆ. ನಾನೆಳೆದ ಗೆರೆ ಎಲ್ಲಿ ಹಾಯುತ್ತದೆಂದು ನೋಡುವ ಆಸೆ. ಗಾರ್ಡ್ ಆಗಲೇ ಮೂರು ದಿನದಿಂದ ಲಂಟಾನ ಪೊದೆಗಳನ್ನು ಮಚ್ಚಿನಿಂದ ಸವರುತ್ತಿದ್ದರು. ಮೊಣಕೈವರೆಗೆ ಮುಳ್ಳಿನ ಗೀರುಗಳು. ಕಲ್ಲಿನ ಸುಳಿವಿರಲಿಲ್ಲ.

ಬಿಸಿಲೇರಿದಾಗ ನೀರಿಗೆಂದು ಕಾಡಂಚಿನ ಒಂದು ಮನೆಗೆ ಕರೆದೊಯ್ದರು. ಹಿತ್ತಲಲ್ಲಿ ಒಬ್ಬ ಅಜ್ಜಿ ಬಟ್ಟೆ ಒಗೆಯುತ್ತಿದ್ದರು. ಅವರು ನೀರು ತರಲು ಒಳಗೆ ಹೋದದ್ದೇ, ಗಾರ್ಡ್ ಆ ಒಗೆಯುವ ಕಲ್ಲಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಸೋಪಿನ ನೊರೆ ಒರೆಸಿ, ಬದಿಯಲ್ಲಿ ಬೆರಳಾಡಿಸಿದರು. ಅಲ್ಲಿ ಹದಿನಾಲ್ಕು ಎಂದು ಕೊರೆದಿತ್ತು.

ಗಡಿಕಲ್ಲು ಕಿತ್ತರೆ ಕೇಸಾಗುತ್ತದೆಂದು ದಾರಿಯಲ್ಲಿ ಗಾರ್ಡೇ ನನಗೆ ಹೇಳಿದ್ದರು. ಅಜ್ಜಿ ಚೊಂಬು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು.

“ಎದರ್ಕೋಬ್ಯಾಡ ಅಜ್ಜಿ,” ಎಂದರು ಗಾರ್ಡ್. “ಇದು ಮೊದ್ಲು ಎಲ್ಲಿತ್ತು ಅಂತ ತೋರ್ಸು, ಸಾಕು.”

“ನಮ್ಮೆಜಮಾನ್ರು ಇದ್ದಾಗ ತಂದಾಕಿದ್ದು ಕಣಪ್ಪ. ಕಾಡಿನ ಕಲ್ಲು ಅಂತ ನಂಗೇನು ಗೊತ್ತು?” ಚೊಂಬನ್ನು ಕೆಳಗಿಟ್ಟು, “ಇಲ್ಲ, ಗೊತ್ತಿತ್ತು,” ಎಂದವರೇ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದರು.

ಕುಂಟೆಯ ಈಚೆ ದಡದಲ್ಲಿ, ಒಂದು ಹೊಂಗೆಯ ಬುಡದಲ್ಲಿ ನಿಂತು ಕಾಲ್ಬೆರಳಿನಿಂದ ತೋರಿಸಿದರು. ಗಾರ್ಡ್ ಮಣ್ಣು ಬಗೆದರು. ಕಲ್ಲು ಅಲ್ಲಾಡದಂತೆ ಸುತ್ತ ಜಡಿದಿದ್ದ ಚೂರುಗಲ್ಲುಗಳು ಗುಂಡಿಯಲ್ಲಿ ಇನ್ನೂ ಹಾಗೇ ಇದ್ದವು.

ಸೋಮವಾರ ಸಾಹೇಬರು ಸರ್ವೆಯವರೊಂದಿಗೆ ಬಂದು ಅಳತೆಯ ಸರಪಳಿ ಹಿಡಿಸಿದರು. ಆದೇಶದಲ್ಲಿದ್ದ ಅಳತೆಗೂ ಗುಂಡಿಗೂ ತಾಳೆಯಾಯಿತು. ಕಲ್ಲು ತನ್ನ ಜಾಗಕ್ಕೆ ಮರಳಿತು. ಗಾರ್ಡ್ ಬರೆದುಕೊಟ್ಟ ವರದಿಯನ್ನು ನಾನೇ ಓದಿದೆ: “ಗ್ರಾಮದ ಹಿರಿಯ ಮಹಿಳೆಯೊಬ್ಬರು ಕಲ್ಲಿನ ಜಾಗ ತೋರಿಸಿ ನೆರವಾದರು.” ಅಷ್ಟೇ. ಅದರಲ್ಲಿ ಸುಳ್ಳಿರಲಿಲ್ಲ. ಆ ವಾರವೇ ಅವರು ಗಾಡಿಯಲ್ಲಿ ಒಂದು ಚಪ್ಪಡಿ ತಂದು ಅಜ್ಜಿಯ ಹಿತ್ತಲಲ್ಲಿ ಹಾಸಿಕೊಟ್ಟರಂತೆ. “ಅದರಷ್ಟು ನುಣುಪಿಲ್ಲ,” ಎಂದರಂತೆ ಅಜ್ಜಿ. “ಒಗೀತಾ ಒಗೀತಾ ಆಯ್ತದೆ ಬಿಡಜ್ಜಿ,” ಎಂದರಂತೆ ಇವರು.

ನಾನು ಬ್ಲೇಡಿನಿಂದ ಶಾಯಿ ಕೆರೆದು ತಿರುವನ್ನು ಎಳೆದೆ. ಎರಡೇ ವರ್ಷದಲ್ಲಿ ಈಚೆ ಬದಿಗೆ ಶೆಡ್ಡುಗಳೆದ್ದವು. ಅವುಗಳ ಕಾಂಪೌಂಡ್ ಗೋಡೆ ನೆಟ್ಟಗೆ ಬಂದು, ಕಾಡಿನ ಅಂಚಿನಲ್ಲಿ ಬಾಗಿ, ಕುಂಟೆಯನ್ನು ಬಳಸಿಕೊಂಡು ಮುಂದೆ ಹೋಯಿತು. ಒಬ್ಬ ಮನುಷ್ಯ ಯಾರನ್ನೂ ಬೈಯದೆ, ಹಳೆಯ ಕಾಗದವೊಂದನ್ನು ನಂಬಿಕೊಂಡು ಇಷ್ಟು ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ.