ಹದಿನೇಳನೇ ನಂಬರಿನ ಗೇಟು

ಮಂಜಲ್‌ಪುರದ ನಮ್ಮ ಸೊಸೈಟಿಯ ನಲವತ್ತು ಮನೆಗಳೂ ಒಂದೇ ಅಚ್ಚಿನವು: ಕಬ್ಬಿಣದ ಗೇಟು, ಒಳಗೆ ಕಲ್ಲಿನ ಜಗಲಿ, ಜಗಲಿಯಲ್ಲೊಂದು ತೂಗುಮಣೆ. ಹದಿನೇಳನೇ ನಂಬರು ಭೀಮಸೇನರದು. ಎದುರಿನದು ಅವರಂತೆಯೇ ಕರ್ನಾಟಕದಿಂದ ಬಂದ ನನ್ನದು. ಬಾಗಲಕೋಟೆ ಕಡೆಯ ಈ ಮನುಷ್ಯ ರೈಲ್ವೆ ವರ್ಗಾವಣೆಯಲ್ಲಿ ವಡೋದರಾಕ್ಕೆ ಬಂದು ಮೂವತ್ತೊಂದು ವರ್ಷವಾದರೂ ಗುಜರಾತಿ ಅಕ್ಷರ ಕಲಿಯಲಿಲ್ಲ. ಅಗತ್ಯ ಬೀಳಲಿಲ್ಲ. ಓಣಿಯ ಒಡನಾಟವೆಲ್ಲ ಹೆಂಡತಿ ಸರಸ್ವತಿಯದು. ಸಂಜೆ ಅವಳ ತೂಗುಮಣೆಯ ಮೇಲೆ ಮೂವರು ಹೆಂಗಸರಾದರೂ ಇರುತ್ತಿದ್ದರು. ಭೀಮಸೇನರು ಒಳಗೆ ಟಿವಿ ನೋಡುತ್ತಿದ್ದರು.

ಕಳೆದ ಜನವರಿಯಲ್ಲಿ ಸರಸ್ವತಿ ಮೆದುಳಿನ ರಕ್ತಸ್ರಾವದಿಂದ ಎರಡೇ ದಿನದಲ್ಲಿ ಸತ್ತಳು.

ಇಲ್ಲಿ ಸಾವಾದ ಮೂರನೆಯ ದಿನ ಬೇಸ್ಣು ಇಡುತ್ತಾರೆ. ನಾಲ್ಕರಿಂದ ಆರರವರೆಗೆ ನೆರೆಹೊರೆಯವರು ಬಿಳಿ ಬಟ್ಟೆಯಲ್ಲಿ ಬಂದು, ಸುಮ್ಮನೆ ಕುಳಿತು, ಎದ್ದು ಹೋಗುತ್ತಾರೆ. ಮನೆಯವರು ಬಾಗಿಲು ತೆರೆದಿಟ್ಟರೆ ಸಾಕು. ಭೀಮಸೇನರು ಅದು ಬೇಡವೆಂದಾಗ ಇಲ್ಲೇ ಬೆಳೆದ ಮಗಳು ಮೇದಿನಿ ಅಪ್ಪನಿಗೆ ಹೇಳಿದ್ದು ನನ್ನ ಮುಂದೆಯೇ.

“ಪಪ್ಪಾ, ಮಮ್ಮಿ ಎಲ್ಲರ ಬೇಸ್ಣುಗೂ ಹೋಗ್ತಿದ್ಳು ನಾ? ಅವಳದೇ ಇಲ್ಲ ಅಂದ್ರೆ ಲೋಗ್ ಏನ್ ಅಂತಾರೆ?”

“ಸೂತಕದ ಮನಿ ಅದ. ಬಂದವರು ತಿರುಗಿ ಹೋಗಿ ತಲಿ ಮ್ಯಾಲೆ ನೀರು ಹಾಕ್ಕೋಬೇಕು. ಈ ಥಂಡ್ಯಾಗ ಮುದುಕ್ಯಾರಿಗೆ ಯಾಕ ಆ ತ್ರಾಸು? ಹದಿಮೂರರ ದಿನ ಊಟಕ್ಕ ಕರೆಯೋಣ. ಓಣಿ ಮಂದಿ ಒಂದು ತುತ್ತು ಉಂಡ್ರ ನಿಮ್ಮವ್ವನ ಜೀವಕ್ಕ ಸಮಾಧಾನ. ನಂಗ ಅಷ್ಟಾದ್ರ ಸಾಕು.”

ಅವರ ಮಟ್ಟಿಗೆ ಅದು ಸೌಜನ್ಯ. ಎರಡೂ ಕಡೆಯ ರೀತಿ ಬಲ್ಲವಳು ಅಲ್ಲಿ ನಾನೊಬ್ಬಳೇ. ಸಾವಿನ ಮನೆಯಲ್ಲಿ ಉಪದೇಶ ಬೇಡವೆಂದು ಸುಮ್ಮನಿದ್ದೆ. ಅದು ತಪ್ಪು.

ಸೊಸೈಟಿಯ ಕಾರ್ಯದರ್ಶಿ ವಾಡಿಕೆಯಂತೆ, ಯಾರನ್ನೂ ಕೇಳದೆ, ಹೆಬ್ಬಾಗಿಲ ಕಪ್ಪುಹಲಗೆಯ ಮೇಲೆ ಸರಸ್ವತಿಯ ಹೆಸರನ್ನೂ ಬೇಸ್ಣುವಿನ ಹೊತ್ತನ್ನೂ ಗುಜರಾತಿಯಲ್ಲಿ ಬರೆದ. ಅಸ್ಥಿ ಆಯ್ದು ಬಂದ ಭೀಮಸೇನರು ಅದರ ಮುಂದೆಯೇ ಹಾದು, ಮನೆಯ ಗೇಟಿಗೆ ಒಳಗಿನಿಂದ ಬೀಗ ಹಾಕಿದರು.

ನಾಲ್ಕಕ್ಕೆ ಮೂವತ್ತು ಜನ ಬಿಳಿ ಬಟ್ಟೆಯಲ್ಲಿ ಗೇಟಿನ ಮುಂದೆ ನಿಂತಿದ್ದರು. ಭೀಮಸೇನರು ಗಾಬರಿಯಿಂದ ಜಗಲಿಗೆ ಬಂದು ಒಳಗಿನಿಂದಲೇ ಕೈಮುಗಿದರು.

“ನಹೀ ನಹೀ, ಹಮಾರೇ ಮೇ ಐಸಾ ನಹೀ ಹೋತಾ. ತೇರಹ್ ದಿನ್ ಬಾದ್ ಆಯಿಯೇ. ಖಾನಾ ಖಾನೇ.”

ನಮ್ಮಲ್ಲಿ ಹೀಗಿಲ್ಲ, ಹದಿಮೂರಕ್ಕೆ ಊಟಕ್ಕೆ ಬನ್ನಿ ಎಂದದ್ದನ್ನು ಕೇಳಿ ಬಂದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಸರಸ್ವತಿಯ ಜೊತೆ ಇಪ್ಪತ್ತು ವರ್ಷ ಆ ತೂಗುಮಣೆಯಲ್ಲಿ ಕುಳಿತಿದ್ದ ಕೋಕಿಲಾಬೇನ್ ನನ್ನ ಕಡೆ ತಿರುಗಿದರು.

“ಬೇನ್, ಮೈ ಕ್ಯಾ ಖಾನೇ ಆಯೀ ಥೀ?” ನಾನೇನು ಉಣ್ಣಲು ಬಂದಿದ್ದೆನೇ, ಎಂದು.

ಹದಿಮೂರನೆಯ ದಿನ ಭೀಮಸೇನರು ಅಡಿಗೆಯವರನ್ನು ಕರೆಸಿ ಐವತ್ತು ಎಲೆಗೆ ಅಡಿಗೆ ಮಾಡಿಸಿದರು. ಸರಸ್ವತಿ ಹಬ್ಬಕ್ಕೆ ಹಂಚುತ್ತಿದ್ದ ಹೂರಣದ ಹೋಳಿಗೆಯೂ ಇತ್ತು. ಮನೆಮನೆಗೆ ತಾವೇ ಹೋಗಿ ಕರೆದಿದ್ದರು. ಉಂಡವರು ಪುರೋಹಿತರು, ಮೇದಿನಿ ಮತ್ತು ನಾನು. ಎರಡೂವರೆಯವರೆಗೆ ಭೀಮಸೇನರು ಗೇಟಿನ ಬಳಿ ನಿಂತಿದ್ದರು.

“ಇನ್ನೂ ಸಿಟ್ಟು ಹೋಗಿಲ್ಲೇನ್ರಿ ಇವರದು?”

“ಸಿಟ್ಟು ಒಂದು ಕಡೆ. ಸಾವಿನ ಮನೆಯ ಊಟವನ್ನು ಈ ಓಣಿಯವರು ಉಣ್ಣುವುದಿಲ್ಲ. ಎಂದೋ ಬಿಟ್ಟಿದ್ದಾರೆ. ಅವರು ಬಂದು ಕೂರುವುದು ಬೇಸ್ಣುವಿನ ಆ ಒಂದೇ ದಿನ.”

ಭೀಮಸೇನರು ಎಲೆಗಳ ಕಟ್ಟನ್ನು ನೋಡಿದರು.

“ಮದಲ ಹೇಳಬಾರದಿತ್ತೇನ್ರಿ, ಮೇಡಂ?”

ನಾನು ಎಲೆಗಳ ಕಟ್ಟನ್ನು ಎತ್ತಿ ಒಳಗಿಟ್ಟೆ.

ಮೇದಿನಿ ಸೂರತ್‌ನಲ್ಲಿರುವ ತನ್ನ ಮನೆಗೆ ಹೋದಳು. ಅಂದಿನಿಂದ ಭೀಮಸೇನರು ದಿನವೂ ನಾಲ್ಕಕ್ಕೆ ಗೇಟನ್ನು ಪೂರ್ತಿ ತೆರೆದು, ಬಿಳಿ ಅಂಗಿ ತೊಟ್ಟು ತೂಗುಮಣೆಯ ಒಂದು ಕೊನೆಯಲ್ಲಿ ಕೂರುತ್ತಾರೆ. ಆರಕ್ಕೆ ಎದ್ದು ಮುಚ್ಚುತ್ತಾರೆ. ಹೆಂಗಸರು ಈಗ ಸೇರುವುದು ಇಪ್ಪತ್ತೆರಡನೇ ನಂಬರಿನಲ್ಲಿ.

ಹೋದ ವಾರ ಅಲ್ಲಿಗೆ ಹೊರಟಿದ್ದ ಕೋಕಿಲಾಬೇನ್ ಹದಿನೇಳರ ಗೇಟಿನ ಬಳಿ ನಿಂತರು. ಭೀಮಸೇನರು ತಟ್ಟನೆ ಎದ್ದರು. ಕೋಕಿಲಾಬೇನ್ ಗೇಟು ಹಿಡಿದು ಬಗ್ಗಿ, ಚಪ್ಪಲಿಯೊಳಗೆ ಸಿಕ್ಕಿದ್ದ ಕಲ್ಲನ್ನು ಕೊಡವಿ, ಮುಂದೆ ನಡೆದರು.